‘ಏನೂ ಆಗಲ್ಲ ಮೇಡಂ’ ಅಂದ ಮಾತ್ರಕ್ಕೆ

ಪುಟ್ಟಿ, ಸಕಲೇಶಪುರದ ತೋಟದ ಮನೇನ ಹೋಂಸ್ಟೇ ಮಾಡ್ತಿದೀಯ, ಫೈಬರ್ ಲೈನಿಗೆ ಅರ್ಜಿ ಕೊಡೋಕೆ ಹೊರಟಿದೀಯ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಸಂತೋಷ. ಟೆಲಿಫೋನ್ ಇಲಾಖೆಯಲ್ಲಿ ಕಂಬ, ತಂತಿ ನೋಡಿಕೊಂಡೇ ಪಿಂಚಣಿಗೆ ಬಂದವನು ನಾನು. ಯಾರ ಮನೆಗೆ ಹೊಸ ಲೈನ್ ಬಂದರೂ ಈಗಲೂ ಖುಷಿಯೇ. ಆದರೆ ಲೈನಿನ ಜೊತೆ ಬರುವ ಕಾಗದದ ಬಗ್ಗೆ ಮಾವ ನಾಲ್ಕು ಮಾತು ಹೇಳಬೇಕು. ಕಾಗದ ಅಂದೆ, ಈಗ ಅದೂ ಇಲ್ಲ; ಫೋನಿಗೊಂದು ಓಟಿಪಿ ಬರುತ್ತೆ. ಅದನ್ನು ಹೇಳಿದೆಯೋ, ಪುಟಗಟ್ಟಲೆ ಷರತ್ತಿಗೆ ಒಪ್ಪಿದ ಹಾಗೆ. ಆ ಷರತ್ತು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತೆ. ಮಾರೋಕೆ ಬರುವಾಗ ಕನ್ನಡ, ಕಟ್ಟಿಹಾಕುವಾಗ ಇಂಗ್ಲಿಷ್.

ಅದರೊಳಗೆ ‘ಅಕ್ಸೆಪ್ಟಬಲ್ ಯೂಸ್ ಪಾಲಿಸಿ’ ಅಂತ ಒಂದು ಭಾಗ ಇರುತ್ತೆ. ಲೈನನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಕೂಡದು ಅನ್ನೋ ಪಟ್ಟಿ. ಒಂದು ಸಲ ತೆಗೆದು ಓದು. ಸ್ಪ್ಯಾಮ್ ಕಳಿಸಬಾರದು, ವೈರಸ್ ಹರಡಬಾರದು, ಬೇರೆಯವರ ಕಂಪ್ಯೂಟರಿಗೆ ನುಗ್ಗಬಾರದು. ಇಷ್ಟು ಸರಿ, ಇರಲೇಬೇಕು. ಈಗ ಎಷ್ಟೋ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಹಲವು ಗಿರಾಕಿಗಳಿಗೆ ಹಂಚಿರುತ್ತವೆ. ಅದರಲ್ಲೊಬ್ಬ ಸ್ಪ್ಯಾಮ್ ಕಳಿಸೋಕೆ ಶುರುಮಾಡಿದರೆ ಆ ವಿಳಾಸವೇ ಕಪ್ಪುಪಟ್ಟಿ ಸೇರಿ, ಏನೂ ಮಾಡದ ಉಳಿದವರಿಗೂ ತೊಂದರೆ. ಅಂಥವನ ಲೈನ್ ಕಿತ್ತರೆ ನಾನೂ ಕಂಪನಿ ಪರವೇ.

ತಕರಾರು ಇರೋದು ಮುಂದಿನ ಸಾಲುಗಳಲ್ಲಿ. ಆಕ್ಷೇಪಾರ್ಹವಾದದ್ದನ್ನು ಕಳಿಸಬಾರದು. ಯಾರಿಗೂ ಕಿರಿಕಿರಿ ಮಾಡಬಾರದು. ವಿಪರೀತ ಬಳಸಬಾರದು. ಯಾವುದೇ ಬಗೆಯ ಸರ್ವರ್ ಇಡಬಾರದು. ಮನೆಯವರಲ್ಲದವರಿಗೆ ಹಂಚಬಾರದು. ಮನೆ ಪ್ಲಾನಿನಲ್ಲಿ ವ್ಯಾಪಾರ ಮಾಡಬಾರದು. ಯಾವುದು ಆಕ್ಷೇಪಾರ್ಹ, ಎಷ್ಟಾದರೆ ವಿಪರೀತ ಅಂತ ತೀರ್ಮಾನಿಸೋದು ಕಂಪನಿಯೇ. ತೀರ್ಮಾನಿಸಿದ ಮೇಲೆ ನೋಟಿಸ್ ಇಲ್ಲದೆ ಲೈನ್ ಕಡಿಯಬಹುದು. ಈ ನೀತಿಯನ್ನೇ ಯಾವಾಗ ಬೇಕಾದರೂ ಬದಲಾಯಿಸಬಹುದು. ಬದಲಾಯಿಸಿ ತಮ್ಮ ಜಾಲತಾಣದಲ್ಲಿ ಹಾಕಿದರೆ ನಿನಗೆ ತಿಳಿಸಿದಂತೆಯೇ ಲೆಕ್ಕ. ಎಲ್ಲ ಕಂಪನಿಯೂ ಇಷ್ಟನ್ನೂ ಬರೆಯುತ್ತೆ ಅಂತಲ್ಲ. ಆದರೆ ಇದರಲ್ಲಿ ಒಂದಷ್ಟು ಕಣ್ಣಿಗೆ ಬಿದ್ದೇ ಬೀಳುತ್ತೆ.

ಈಗ ನಿನ್ನ ಮನೆಯನ್ನೇ ತಗೋ. ಗೇಟಿಗೆ ಸಿಸಿಟಿವಿ ಹಾಕಿಸಿ ಹಾಸನದಲ್ಲಿ ಕೂತು ಮೊಬೈಲಿನಲ್ಲಿ ನೋಡ್ತೀಯ. ಹೊರಗಿನಿಂದ ಕೇಳಿದಾಗ ಚಿತ್ರ ಕಳಿಸುವ ಹಾಗೆ ಅದರ ರೆಕಾರ್ಡಿಂಗ್ ಪೆಟ್ಟಿಗೆ ಡಿವಿಆರನ್ನು ಹೊಂದಿಸಿದ್ದರೆ ಲೆಕ್ಕಕ್ಕೆ ಅದೂ ಸರ್ವರ್. ಅತಿಥಿಗಳಿಗೆ ವೈಫೈ ಪಾಸ್‌ವರ್ಡ್ ಕೊಟ್ಟರೆ ಅದು ಹಂಚಿಕೆ. ಮನೆ ಪ್ಲಾನಿನಲ್ಲಿ ಬುಕಿಂಗ್ ತಗೊಂಡರೆ ವ್ಯಾಪಾರ. ಶನಿವಾರ ಬೆಂಗಳೂರಿನಿಂದ ಬರುವ ಹುಡುಗರು ಮಳೆ ಹಿಡಿದು ಒಳಗೇ ಕೂತು ರಾತ್ರಿಯೆಲ್ಲ ಸಿನಿಮಾ ನೋಡಿದರೆ ವಿಪರೀತ ಬಳಕೆ. ಒಂದು ಅಪರಾಧವನ್ನೂ ಮಾಡದೆ, ವಾರ ತುಂಬೋದರೊಳಗೆ ನೀನು ಅರ್ಧ ಪಟ್ಟಿಯನ್ನು ಮುರಿದಾಗಿರುತ್ತೆ.

ಲೈನ್ ಹಾಕೋಕೆ ಬರುವ ಹುಡುಗನನ್ನು ಕೇಳಿ ನೋಡು. ‘ಏನೂ ಆಗಲ್ಲ ಮೇಡಂ, ಎಲ್ರೂ ಹಾಗೇ ಮಾಡ್ತಾರೆ’ ಅಂತಾನೆ. ಅವನು ಸುಳ್ಳು ಹೇಳ್ತಿಲ್ಲ. ನಿಜವಾಗಿಯೂ ಏನೂ ಆಗಲ್ಲ, ನೀನು ತೆಪ್ಪಗೆ ಬಿಲ್ ಕಟ್ಟಿಕೊಂಡು ಇರೋವರೆಗೆ. ನನಗೆ ಗೊತ್ತಿರುವ ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರು ಮನೆಯಲ್ಲೇ ಕೂತು ಮಕ್ಕಳಿಗೆ ಆನ್‌ಲೈನ್ ಪಾಠ ಹೇಳ್ತಿದ್ದರು. ವರ್ಷಾನುಗಟ್ಟಲೆ ಯಾರೂ ಕೇಳಲಿಲ್ಲ. ಸ್ಪೀಡ್ ಸಿಗ್ತಿಲ್ಲ, ಹಣ ವಾಪಸ್ ಕೊಡಿ ಅಂತ ಅವರು ಮೇಲಿಂದ ಮೇಲೆ ದೂರು ಬರೆದರು ನೋಡು, ಆಗ ಕಂಪನಿಗೆ ಜ್ಞಾನೋದಯವಾಯಿತು: ‘ನೀವು ಮನೆ ಸಂಪರ್ಕದಲ್ಲಿ ಟ್ಯೂಷನ್ ನಡೆಸ್ತಿದೀರಿ, ಇದು ನೀತಿಯ ಉಲ್ಲಂಘನೆ.’ ಸ್ಪೀಡಿನ ಮಾತು ಅಲ್ಲಿಗೇ ನಿಂತುಹೋಯಿತು. ನಾನು ಹೇಳಬೇಕು ಅಂದುಕೊಂಡದ್ದು ಇದೇ ಪುಟ್ಟಿ. ಹೀಗೆ ಅಗಲವಾಗಿ ಬರೆದ ನಿಯಮ ಜಾರಿ ಮಾಡೋಕಲ್ಲ, ಕೈಯಲ್ಲಿ ಇಟ್ಟುಕೊಳ್ಳೋಕೆ. ಎಲ್ಲರೂ ತಪ್ಪಿತಸ್ಥರಾದ ಮೇಲೆ ಯಾರನ್ನು ಹಿಡಿಯಬೇಕು ಅನ್ನೋದು ಹಿಡಿಯುವವರ ಮರ್ಜಿ.

ನಮ್ಮ ಇಲಾಖೆ ಸಾಧುವಾಗಿತ್ತು ಅಂತ ಹೇಳ್ತಿಲ್ಲ. ಫೋನನ್ನು ಕಿರಿಕಿರಿ ಮಾಡೋಕೆ, ಅಸಭ್ಯ ಮಾತಾಡೋಕೆ ಬಳಸಬಾರದು ಅಂತ ಟೆಲಿಗ್ರಾಫ್ ನಿಯಮಗಳಲ್ಲೂ ಇತ್ತು. ಆದರೆ ಅದು ಸರ್ಕಾರದ ನಿಯಮ. ಕೋರ್ಟು ಕಿವಿ ಹಿಂಡಬಹುದಿತ್ತು. 1970ರ ದಶಕದಲ್ಲಿ ದೆಹಲಿಯ ಕೆಲವು ವ್ಯಾಪಾರಿಗಳು ಫೋನಿನಲ್ಲಿ ಸಟ್ಟಾ ಆಡ್ತಾರೆ ಅಂತ ಅಲ್ಲಿನ ಆಡಳಿತ ಹೇಳಿದ ಮಾತಿಗೇ ಅವರ ಲೈನುಗಳನ್ನು ಕತ್ತರಿಸಿದರು. ಹುಕಂ ಚಂದ್ ಶ್ಯಾಮ್ ಲಾಲ್ ಪ್ರಕರಣ ಅಂತ ಅದು ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ಸಂದರ್ಭದಲ್ಲಿ ಲೈನ್ ಕತ್ತರಿಸೋ ನಿಯಮ ಬಳಸಬೇಕಾದರೆ, ಅಂಥ ಸಂದರ್ಭ ಇದೆಯೇ ಅಂತ ಟೆಲಿಫೋನ್ ಅಧಿಕಾರಿ ತಾನೇ ನೋಡಿ ಮನಗಾಣಬೇಕು, ಇನ್ಯಾರೋ ಹೇಳಿದರು ಅಂತ ಕತ್ತರಿಸೋ ಹಾಗಿಲ್ಲ ಅಂತ ತೀರ್ಪಾಯಿತು. ಸಟ್ಟಾ ಆಡುವವರ ಫೋನಿಗೇ ಅಷ್ಟು ರಕ್ಷಣೆ ಇತ್ತು ನೋಡು.

ಇನ್ನೊಂದು ಸಂಗತಿ ನಿನ್ನ ವಯಸ್ಸಿನವರಿಗೇ ನೆನಪಿರಬೇಕು. ಐಟಿ ಕಾಯ್ದೆಯಲ್ಲಿ 66ಎ ಅಂತ ಒಂದು ಕಲಂ ಇತ್ತು. ತೀರಾ ಆಕ್ಷೇಪಾರ್ಹವಾದದ್ದನ್ನು ಕಳಿಸಿದರೆ, ಸುಳ್ಳೆಂದು ಗೊತ್ತಿದ್ದೂ ಇನ್ನೊಬ್ಬರಿಗೆ ಕಿರಿಕಿರಿ, ಅನನುಕೂಲ ಆಗಲಿ ಅಂತ ಕಳಿಸಿದರೆ ಜೈಲು. 2012ರಲ್ಲಿ ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದರ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದ ಒಬ್ಬ ಹುಡುಗಿಯನ್ನೂ ಅದಕ್ಕೆ ಲೈಕ್ ಒತ್ತಿದ ಇನ್ನೊಬ್ಬಳನ್ನೂ ಪಾಲ್ಘರ್‌ನಲ್ಲಿ ಬಂಧಿಸಿದ್ದರು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನೇ ಹೊಡೆದುಹಾಕಿತು. ಒಬ್ಬರಿಗೆ ಕಿರಿಕಿರಿ ಅನಿಸಿದ್ದು ಇನ್ನೊಬ್ಬರಿಗೆ ಅನಿಸದೇ ಇರಬಹುದು, ಇಂಥ ಪದಗಳಿಗೆ ಗಡಿಯೇ ಇಲ್ಲ ಅನ್ನೋದು ಅದರ ಒಂದು ಮುಖ್ಯ ಕಾರಣ. ಸಂಸತ್ತು ಬರೆದ ಕಾನೂನಿನಲ್ಲಿ ನಿಲ್ಲದ ಪದಗಳೇ ಕಂಪನಿಯ ಷರತ್ತಿನಲ್ಲಿ ಆರಾಮಾಗಿ ಕೂತಿವೆ. ವಾಕ್ ಸ್ವಾತಂತ್ರ್ಯದ ಹಕ್ಕು ಮೊದಲಿಂದಲೂ ಸರ್ಕಾರಕ್ಕೆ ಹಾಕಿದ ಮೂಗುದಾರ. ಖಾಸಗಿ ಒಪ್ಪಂದದ ಮೂಗಿಗೆ ಅದನ್ನು ಪೋಣಿಸೋದು ಅಷ್ಟು ಸಲೀಸಲ್ಲ.

ಇದು ನಮ್ಮ ದೇಶದ ರೋಗ ಮಾತ್ರ ಅಂದುಕೋಬೇಡ. ಅಮೆರಿಕದಲ್ಲಿ 2007ರಲ್ಲಿ ಎಟಿ ಅಂಡ್ ಟಿ ಕಂಪನಿಯ ಷರತ್ತಿನಲ್ಲಿ, ಕಂಪನಿಯ ಹೆಸರಿಗೆ ಧಕ್ಕೆ ತರುವಂತೆ ನಡೆದುಕೊಂಡರೆ ಸಂಪರ್ಕ ಕಡಿಯಬಹುದು ಅನ್ನೋ ಸಾಲು ಇತ್ತು. ಅಂದರೆ ಅವರ ಲೈನಿನಲ್ಲಿ ಕೂತು ಅವರನ್ನೇ ಬೈಯೋ ಹಾಗಿಲ್ಲ! ಜನ ಗಲಾಟೆ ಮಾಡಿದ ಮೇಲೆ ಆ ಸಾಲನ್ನು ತಿದ್ದಿದರು. ಅದೇ ವರ್ಷ ವೆರಿಜಾನ್ ವೈರ್‌ಲೆಸ್ ‘ಅನ್‌ಲಿಮಿಟೆಡ್’ ಅಂತ ಜಾಹೀರಾತು ಕೊಟ್ಟು, ಹೆಚ್ಚು ಬಳಸಿದ ಸುಮಾರು 13,000 ಗಿರಾಕಿಗಳ ಸಂಪರ್ಕ ಕಡಿದದ್ದಕ್ಕೆ ನ್ಯೂಯಾರ್ಕ್ ಅಟಾರ್ನಿ ಜನರಲ್ ಜೊತೆ ರಾಜಿಯಾಗಿ ಹತ್ತು ಲಕ್ಷ ಡಾಲರ್ ವಾಪಸ್ ಕೊಡೋಕೆ ಒಪ್ಪಬೇಕಾಯಿತು. ಕಾಮ್‌ಕ್ಯಾಸ್ಟ್ ಅನ್ನೋರದು ಇನ್ನೂ ತಮಾಷೆ. ಮಿತಿ ಮೀರಿದಿರಿ ಅಂತ ಲೈನ್ ಕಡೀತಿದ್ದರು, ಮಿತಿ ಎಷ್ಟು ಅಂತ ಕೇಳಿದರೆ ಹೇಳ್ತಿರಲಿಲ್ಲ. 2008ರ ಅಕ್ಟೋಬರ್‌ನಿಂದ ತಿಂಗಳಿಗೆ 250 ಜಿಬಿ ಅಂತ ಬರೆದು ಹಾಕಿದರು. ಸರ್ವರ್ ಇಡಬಾರದು ಅನ್ನೋ ನಿಯಮ ಗೂಗಲ್ ಫೈಬರಿನಲ್ಲೂ ಇತ್ತು. ಆ ಸಂಪರ್ಕ ಪಡೆಯೋಕೆ ಬಯಸಿದ್ದವನೊಬ್ಬ ಅದರ ಮೇಲೆ ಕೊಟ್ಟ ದೂರು 2013ರಲ್ಲಿ ಸುದ್ದಿಯಾಯಿತು. ಗೂಗಲ್ ಮೊದಲು ಸಮರ್ಥಿಸಿಕೊಂಡಿತು, ಆಮೇಲೆ ವ್ಯಾಪಾರಕ್ಕಲ್ಲದ ಸ್ವಂತ ಸರ್ವರ್ ಇಟ್ಟುಕೊಳ್ಳಬಹುದು ಅಂತ ತಿದ್ದಿತು. ಕೂತು ಕೇಳಿದರೆ ಇಂಥ ಸಾಲುಗಳು ಬದಲಾಗ್ತವೆ ಅನ್ನೋದಕ್ಕೆ ಇಷ್ಟು ಹೇಳಿದೆ.

ಈಗ ನೀನು ಮಾಡಬೇಕಾದದ್ದು. ಮೊದಲಿಗೆ, ಮನೆ ಪ್ಲಾನ್ ತಗೊಂಡು ಹೋಂಸ್ಟೇ ನಡೆಸಬೇಡ. ತಿಂಗಳಿಗೆ ಒಂದಿಷ್ಟು ಹೆಚ್ಚಾದರೂ ವ್ಯಾಪಾರದ ಸಂಪರ್ಕವನ್ನೇ ಕೇಳು. ‘ಹೋಂಸ್ಟೇ ನಡೆಸ್ತೀನಿ, ಅತಿಥಿಗಳಿಗೆ ವೈಫೈ ಕೊಡ್ತೀನಿ, ಸಿಸಿಟಿವಿ ಹೊರಗಿನಿಂದ ನೋಡ್ತೀನಿ, ಇದಕ್ಕೆಲ್ಲ ಈ ಪ್ಲಾನಿನಲ್ಲಿ ಅವಕಾಶ ಇದೆಯೇ?’ ಅಂತ ಕಂಪನಿಗೆ ಇ-ಮೇಲ್ ಬರೆದು ಉತ್ತರ ತರಿಸಿಕೋ. ಕೇಬಲ್ ಹುಡುಗ ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿ ತೋರಿಸಿದರೆ ಅದು ಉತ್ತರವಲ್ಲ. ಷರತ್ತಿನ ಪುಟವನ್ನು ಓಟಿಪಿ ಹೇಳೋ ಮೊದಲೇ ಪಿಡಿಎಫ್ ಮಾಡಿ ಇಟ್ಟುಕೋ. ಮುಂದೆ ಅವರು ತಿದ್ದಿದಾಗ ಏನಿತ್ತು ಅಂತ ತೋರಿಸೋಕೆ ಬೇಕಾಗುತ್ತೆ. ‘ಅನ್‌ಲಿಮಿಟೆಡ್’ ಅಂದ ಕೂಡಲೇ ಎಷ್ಟು ಜಿಬಿ ಆದ ಮೇಲೆ ಸ್ಪೀಡ್ ಇಳಿಯುತ್ತೆ ಅಂತ ಕೇಳು. ನಮ್ಮಲ್ಲಿ ಎಷ್ಟೋ ಮನೆ ಪ್ಲಾನ್‌ಗಳಲ್ಲಿ 3,300 ಜಿಬಿ ಅಂತ ಬರೆದಿರುತ್ತೆ. ನನಗೆ ಅದು ಇಷ್ಟ. ಅಂಕಿ ಇದ್ದರೆ ಮೀಟರ್ ತೋರಿಸಿ ಜಗಳ ಆಡಬಹುದು, ‘ವಿಪರೀತ’ದ ಜೊತೆ ಹೇಗೆ ಆಡ್ತೀಯ?

ಅತಿಥಿಗಳ ವೈಫೈಯನ್ನು ನಿಮ್ಮ ಮನೆಯದ್ದರಿಂದ ಬೇರೆ ಮಾಡು. ರೂಟರಿನಲ್ಲೇ ‘ಗೆಸ್ಟ್ ನೆಟ್‌ವರ್ಕ್’ ಅಂತ ಇರುತ್ತೆ. ಯಾರೋ ಬಂದವನು ನಿನ್ನ ಲೈನಿನಿಂದ ಏನೋ ಕಿತಾಪತಿ ಮಾಡಿದರೆ ಪೊಲೀಸರು ಮೊದಲು ಬರೋದು ಲೈನ್ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ. ಈ ಒಂದು ವಿಷಯದಲ್ಲಿ ಹಂಚಬಾರದು ಅನ್ನೋ ನಿಯಮಕ್ಕೆ ಅರ್ಥ ಇದೆ, ಒಪ್ತೀನಿ. ಅತಿಥಿಗಳ ಗುರುತಿನ ಚೀಟಿ ಹೇಗೂ ತಗೊಳ್ತೀಯ, ಅದರ ಜೊತೆ ಬಂದ ದಿನ, ಹೋದ ದಿನ ಬರೆದಿಡು. ಮುಂದೆ ರಸ್ತೆ ಬದಿಯಲ್ಲಿ ಕಾಫಿ ಅಂಗಡಿ ಇಡೋ ಯೋಚನೆ ಇದ್ದರೆ ಪಿಎಂ-ವಾಣಿ ಅನ್ನೋದು ತಿಳಿದಿರಲಿ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ. ಸಣ್ಣ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ಜನರಿಗೆ ವೈಫೈ ಮಾರಬಹುದು. ಆದರೆ ಕಂಪನಿಗಳು ಅಂಥವರಿಗೆ ಸಾಮಾನ್ಯ ಬ್ರಾಡ್‌ಬ್ಯಾಂಡ್ ಕೊಡೋಕೆ ಮನಸ್ಸು ಮಾಡದೆ ದುಬಾರಿ ಲೀಸ್ಡ್ ಲೈನಿನ ಕಡೆ ಕೈ ತೋರಿಸ್ತಿದ್ದವು. ಕೊನೆಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮಧ್ಯೆ ಬಂದು, 200 ಎಂಬಿಪಿಎಸ್‌ವರೆಗಿನ ಪ್ಲಾನ್‌ಗಳಿಗೆ ಮನೆ ದರದ ಎರಡರಷ್ಟಕ್ಕಿಂತ ಹೆಚ್ಚು ತಗೊಳ್ಳಬಾರದು ಅಂತ ಮಿತಿ ಹಾಕಿತು.

ಇಷ್ಟೆಲ್ಲ ಮಾಡಿದ ಮೇಲೂ ಲೈನ್ ಕಡಿದರೆ? ಕೂಗಾಡಬೇಡ. ಯಾವ ಷರತ್ತು, ಯಾವ ದಿನ, ಏನು ಮಾಡಿದ್ದಕ್ಕೆ ಅಂತ ಬರೆದು ಕೇಳು. ದೂರು ಕೊಟ್ಟಾಗ ಡಾಕೆಟ್ ನಂಬರ್ ತಗೋ. ಅಲ್ಲಿ ಬಗೆಹರಿಯದಿದ್ದರೆ ಕಂಪನಿಯಲ್ಲೇ ಅಪೀಲು ಪ್ರಾಧಿಕಾರ ಅಂತ ಎರಡನೇ ಮೆಟ್ಟಿಲು ಇರುತ್ತೆ. 2012ರ ಟ್ರಾಯ್ ನಿಯಮದ ಪ್ರಕಾರ ಇರಲೇಬೇಕು. ಅದಾದ ಮೇಲೆ ಗ್ರಾಹಕ ಆಯೋಗ. ಟೆಲಿಗ್ರಾಫ್ ಕಾಯ್ದೆಯಲ್ಲಿ ಮಧ್ಯಸ್ಥಿಕೆಗೆ ದಾರಿ ಇರುವಾಗ ಗ್ರಾಹಕ ನ್ಯಾಯಾಲಯಕ್ಕೆ ಯಾಕೆ ಬಂದಿರಿ ಅಂತ ಕಂಪನಿಗಳು ಎಷ್ಟೋ ವರ್ಷ ವಾದ ಹೂಡ್ತಿದ್ದವು. 2022ರ ಫೆಬ್ರವರಿಯಲ್ಲಿ ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಒಪ್ಪಂದ ಅನ್ನೋದಕ್ಕೇ ವ್ಯಾಖ್ಯೆ ಇದೆ. ಸರಿಯಾದ ಕಾರಣವಿಲ್ಲದೆ ಒಬ್ಬರೇ ಏಕಪಕ್ಷೀಯವಾಗಿ ಒಪ್ಪಂದ ಮುರಿಯುವ ಅಧಿಕಾರ ಇಟ್ಟುಕೊಂಡಿರೋದು ಅದರಲ್ಲಿ ಹೆಸರು ಹೇಳಿ ಸೇರಿಸಿದ ಒಂದು ಲಕ್ಷಣ. ಇಲ್ಲೊಂದು ಸೂಕ್ಷ್ಮ. ಸೇವೆಯಲ್ಲಿ ಕೊರತೆ ಅಂತ ದೂರಾದರೆ ಜಿಲ್ಲಾ ಆಯೋಗದಲ್ಲೇ ಹಾಕಬಹುದು. ಒಪ್ಪಂದವೇ ಅನ್ಯಾಯದ್ದು ಅಂತ ವಾದಿಸಬೇಕಾದರೆ ಬೆಂಗಳೂರಿನ ರಾಜ್ಯ ಆಯೋಗಕ್ಕೇ ಹೋಗಬೇಕು. ಮತ್ತೆ, ವ್ಯಾಪಾರಕ್ಕೆ ಸೇವೆ ಪಡೆದವರು ಗ್ರಾಹಕರೇ ಅಲ್ಲ ಅಂತ ಎದುರಿನ ವಕೀಲರು ಎದ್ದು ನಿಲ್ತಾರೆ. ಸ್ವಂತ ಜೀವನೋಪಾಯಕ್ಕೆ ತಾವೇ ದುಡಿಯುವವರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಅದರ ಪದಗಳಲ್ಲಿ ಇರೋದು ಕೊಂಡ ಸರಕು ಮಾತ್ರ. ನೀನೂ ನಿಮ್ಮಮ್ಮನೂ ಕೈಯಾರೆ ಅಡುಗೆ ಮಾಡಿ, ಹಾಸಿಗೆ ಹಾಸಿ ನಡೆಸೋ ಹೋಂಸ್ಟೇ ಆದ್ದರಿಂದ ಸೇವೆಗೂ ಆ ವಿನಾಯಿತಿ ಕೊಡಿ ಅಂತ ಕೇಳಿ ನೋಡಬಹುದು. ಹಾಗಾಗಿ ಲೈನಿನ ಅರ್ಜಿಯಲ್ಲಿ ‘ಉದ್ದೇಶ’ ಅನ್ನೋ ಕಡೆ ಬರೀ ‘ವ್ಯಾಪಾರ’ ಅಂತ ಗೀಚಬೇಡ. ‘ಸ್ವ-ಉದ್ಯೋಗ, ಹೋಂಸ್ಟೇ’ ಅಂತ ಬಿಡಿಸಿ ಬರಿ. ಷರತ್ತಿನ ಪಿಡಿಎಫ್ ಸಿಕ್ಕಿದ ಕೂಡಲೇ ನನಗೂ ಒಂದು ಕಳಿಸು, ಓಟಿಪಿ ಹೇಳೋದಕ್ಕೆ ಮುಂಚೆ.