ಕಾಯುವವರ ಕಣ್ಣಿನಿಂದ ಕೋಣೆ ನೋಡು

ಪುಟ್ಟೀ,

ಬರುವ ತಿಂಗಳು ಜಿಆರ್‌ಇ ಪರೀಕ್ಷೆಯನ್ನು ಮನೆಯಲ್ಲೇ ಕೂತು ಬರೆಯುತ್ತೇನೆ ಅಂದೆಯಲ್ಲ, ಅವತ್ತಿನಿಂದ ನಿನಗೆ ಕೆಲವು ಮಾತು ಹೇಳಬೇಕು ಅಂತ ಅನ್ನಿಸುತ್ತಲೇ ಇದೆ. ಓದಿನ ಬಗ್ಗೆ ಅಲ್ಲ, ಅದು ನಿನಗೇ ಚೆನ್ನಾಗಿ ಗೊತ್ತು. ಆದರೆ ಮೂವತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕನಾಗಿ ನಿಂತವನು ನಾನು. ಕಾಯುವವನ ಕಣ್ಣು ಎಲ್ಲಿಗೆ ಹೋಗುತ್ತದೆ, ಅನುಮಾನ ಎಲ್ಲಿ ಹುಟ್ಟುತ್ತದೆ ಅನ್ನುವುದು ಗೊತ್ತು.

ಕಾಲೇಜಿನಲ್ಲಿ ಒಬ್ಬ ಹುಡುಗ ಪದೇ ಪದೇ ಬಲಕ್ಕೆ ತಿರುಗಿದರೆ ನಾನು ಎದ್ದು ಹತ್ತಿರ ಹೋಗುತ್ತಿದ್ದೆ. ಕಿಟಕಿಯಿಂದ ಬಿಸಿಲು ಮುಖಕ್ಕೆ ಹೊಡೆಯುತ್ತಿದೆ ಅಂತ ತಿಳಿದರೆ ಕಿಟಕಿ ಮುಚ್ಚಿ ವಾಪಸ್ ಬರುತ್ತಿದ್ದೆ. ಕ್ಯಾಮೆರಾದಲ್ಲಿ ನಿನ್ನನ್ನು ಕಾಯುವ ಪ್ರಾಕ್ಟರ್‌ಗೆ ಆ ಅನುಕೂಲ ಇಲ್ಲ. ಅವರಿಗೆ ಕಾಣುವುದು ಅಂಗೈಯಗಲದ ಒಂದು ಚಿತ್ರ. ಅದರ ಆಚೆ ಏನಿದೆ ಅಂತ ಎದ್ದು ಬಂದು ನೋಡುವ ಹಾಗಿಲ್ಲ. ಆದ್ದರಿಂದ ಆ ಚಿತ್ರದೊಳಗೆ ‘ಇದೇನು?’ ಅಂತ ಕೇಳುವಂಥದ್ದು ಒಂದೂ ಇರದ ಹಾಗೆ ನೀನೇ ನೋಡಿಕೊಳ್ಳಬೇಕು.

ಅಟ್ಟದ ಕೋಣೆ ಬೇಡ. ನಿಮ್ಮ ಮನೆಯ ಮಣ್ಣಿನ ದಪ್ಪ ಗೋಡೆ ದಾಟಿ ವೈಫೈ ಅಲ್ಲಿಗೆ ಹೋಗುವಷ್ಟರಲ್ಲಿ ಸುಸ್ತಾಗಿರುತ್ತದೆ. ನಡುಮನೆಯ ಪಕ್ಕದ ಚಿಕ್ಕ ಕೋಣೆ ಒಳ್ಳೆಯದು, ಒಂದೇ ಬಾಗಿಲು. ಬಾಗಿಲು ಕ್ಯಾಮೆರಾದಲ್ಲಿ ಕಾಣುವ ಹಾಗೆ ಕೂರಬೇಕು ಅನ್ನುವುದು ಪರೀಕ್ಷೆ ನಡೆಸುವ ಇಟಿಎಸ್‌ನವರ ನಿಯಮ, ಅಂದರೆ ಬಾಗಿಲು ನಿನ್ನ ಬೆನ್ನಿಗೆ ಬರಲಿ. ಕಿಟಕಿ ಮಾತ್ರ ಬೆನ್ನಿಗೆ ಬೇಡ, ಮುಖ ಕಪ್ಪಾಗಿ ಕಾಣುತ್ತದೆ. ಬೆಳಕು ಎದುರಿನಿಂದ ಬೀಳಲಿ. ಮಂಚದ ಮೇಲೆ, ಸೋಫಾದ ಮೇಲೆ ಕೂತು ಬರೆಯುವಂತಿಲ್ಲ. ಊಟದ ಮನೆಯ ಮರದ ಕುರ್ಚಿ ಸಾಕು. ಗೋಡೆಯ ಕ್ಯಾಲೆಂಡರ್, ನೀನು ಅಂಟಿಸಿಕೊಂಡಿರುವ ಪದಗಳ ಚೀಟಿಗಳು, ಕಪಾಟಿನ ಗಾಜು, ಎಲ್ಲವನ್ನೂ ತೆಗೆ, ಇಲ್ಲವೇ ಬೆಡ್‌ಶೀಟ್ ಹೊದಿಸು. ಕಿವಿ ಎರಡೂ ಕಾಣುತ್ತಿರಬೇಕು. ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಜಡೆ ಹಾಕಿಕೋ, ಜುಮುಕಿ, ಕ್ಲಿಪ್ಪು ಹಿಂದಿನ ರಾತ್ರಿಯೇ ಬಿಚ್ಚಿಡು.

ಕಾಗದದ ಮೇಲೆ ಲೆಕ್ಕ ಮಾಡುವ ಹಾಗಿಲ್ಲ. ಚಿಕ್ಕ ವೈಟ್‌ಬೋರ್ಡು, ಅಳಿಸಬಹುದಾದ ಮಾರ್ಕರ್ ಇಟ್ಟುಕೊಳ್ಳಬಹುದು. ಇಲ್ಲವೇ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಳಗೆ ಒಂದು ಖಾಲಿ ಕಾಗದ ಸೇರಿಸಿ, ಪ್ಲಾಸ್ಟಿಕ್ಕಿನ ಮೇಲೆ ಬರೆಯಬಹುದು. ಕೊನೆಯಲ್ಲಿ ಅವರ ಕಣ್ಣೆದುರೇ ಎಲ್ಲ ಒರೆಸಿ ತೋರಿಸಬೇಕು. ಇದಕ್ಕೆ ಕೈ ಪಳಗಬೇಕು. ಮಾರ್ಕರ್‌ನಲ್ಲಿ ಅಕ್ಷರ ದಪ್ಪ ಬರುತ್ತದೆ, ಎರಡು ಲೆಕ್ಕಕ್ಕೇ ಬೋರ್ಡು ತುಂಬಿಹೋಗುತ್ತದೆ. ಇವತ್ತಿನಿಂದಲೇ ಅಭ್ಯಾಸದ ಲೆಕ್ಕಗಳನ್ನೆಲ್ಲ ಅದರ ಮೇಲೇ ಮಾಡು.

ಶುರುವಿನಲ್ಲಿ ಕ್ಯಾಮೆರಾ ತಿರುಗಿಸಿ ಕೋಣೆಯ ಸುತ್ತ ತೋರಿಸು ಅನ್ನುತ್ತಾರೆ. ನಿನ್ನ ಲ್ಯಾಪ್‌ಟಾಪಿನ ಕ್ಯಾಮೆರಾ ಅದರಲ್ಲೇ ಇರುವುದರಿಂದ ಇಡೀ ಲ್ಯಾಪ್‌ಟಾಪನ್ನೇ ಎತ್ತಿ ಒಂದು ಸುತ್ತು ತಿರುಗಬೇಕು. ಚಾರ್ಜರ್ ವೈರು, ಲ್ಯಾನ್ ಕೇಬಲ್ ಗಿಡ್ಡವಿದ್ದರೆ ಅರ್ಧ ತಿರುಗುವಷ್ಟರಲ್ಲಿ ಒಂದು ಕಿತ್ತು ಬರುತ್ತದೆ. ಮೂರು ಮೀಟರಿನ ಕೇಬಲ್ ತಂದುಕೋ. ಪರದೆಯನ್ನೂ ಅವರಿಗೆ ತೋರಿಸಬೇಕಾಗುತ್ತದೆ, ಕೈಗನ್ನಡಿಯೋ ಮೊಬೈಲೋ ಬೇಕು. ಮೊಬೈಲಾದರೆ ತೋರಿಸಿದ ಮೇಲೆ ಕೈಗೆ ಎಟುಕದ ಕಡೆ ಇಡು.

ಹೀಗೆ ಕೋಣೆಯನ್ನೆಲ್ಲ ಅಪರಿಚಿತರಿಗೆ ತೋರಿಸುವುದು ನಿನಗೆ ಮುಜುಗರ ಅಂತ ಗೊತ್ತು. ಆ ಮುಜುಗರ ತಪ್ಪಲ್ಲ. ಅಮೆರಿಕದ ಓಹಾಯೋದಲ್ಲಿ ಒಬ್ಬ ವಿದ್ಯಾರ್ಥಿ ಇದೇ ವಿಷಯಕ್ಕೆ ಕೋರ್ಟಿಗೆ ಹೋದ. ಸರ್ಕಾರಿ ವಿಶ್ವವಿದ್ಯಾಲಯ ಅವನ ಕೋಣೆಯನ್ನು ಹಾಗೆ ನೋಡಿದ್ದು ಸಂವಿಧಾನಕ್ಕೆ ವಿರುದ್ಧ ಅಂತ 2022ರ ಆಗಸ್ಟ್‌ನಲ್ಲಿ ತೀರ್ಪಾಯಿತು. ಕಾಯುವವರ ಕಷ್ಟವೂ ಸಣ್ಣದಲ್ಲ. ನಮ್ಮ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯವರು 2020ರ ಸೆಪ್ಟೆಂಬರ್ 12ರಂದು ಪ್ರವೇಶ ಪರೀಕ್ಷೆಯನ್ನು ಮನೆಯಿಂದಲೇ ಬರೆಸಿದ್ದರು. ಒಂಬತ್ತೇ ದಿನಕ್ಕೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು; ಮನೆಯಲ್ಲಿ ಬರೆಸುವ ಆ ಪರೀಕ್ಷೆಯಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ ಅನ್ನುವುದೂ ಅದಕ್ಕೊಂದು ಕಾರಣವಾಗಿತ್ತು. ನೀನಂತೂ ಒಪ್ಪಿಯೇ ಹೆಸರು ಕೊಟ್ಟಿದ್ದೀಯ. ಹಾಗಾಗಿ ಅಜ್ಜಿಯ ಔಷಧಿ, ಬಟ್ಟೆಬರೆ, ಬ್ಯಾಂಕಿನ ಕಾಗದ, ಪರರು ನೋಡಬಾರದು ಅನ್ನಿಸಿದ್ದನ್ನೆಲ್ಲ ಮೊದಲೇ ಹೊರಗೆ ಸಾಗಿಸಿಬಿಡು.

ಇನ್ನು ಕರೆಂಟು. ಇನ್ವರ್ಟರ್ ಇದೆಯಲ್ಲ ದೊಡ್ಡಪ್ಪ ಅನ್ನುತ್ತೀಯ. ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಆ ಕಣ್ಣುಮಿಟುಕಿನಲ್ಲಿ ಬಲ್ಬು ಒಮ್ಮೆ ಮಿನುಗಿ ಸುಮ್ಮನಾಗುತ್ತದೆ, ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಆದರೆ ರೂಟರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಅದರ ಹಸಿರು ದೀಪಗಳು ಒಂದೊಂದಾಗಿ ಬರುವುದಕ್ಕೆ ಎರಡು ಮೂರು ನಿಮಿಷ ಬೇಕು, ಅಷ್ಟು ಹೊತ್ತು ಪ್ರಾಕ್ಟರ್ ಪಾಲಿಗೆ ನೀನು ಕೋಣೆಯಲ್ಲಿ ಇಲ್ಲ. ರೂಟರ್‌ಗೆಂದೇ ಪುಟ್ಟ ಯುಪಿಎಸ್ ಸಿಗುತ್ತದೆ, ತಂದು ಹಾಕಿಸು. ಆಮೇಲೆ ಬೇಕೆಂದೇ ಮೇನ್ ಸ್ವಿಚ್ ಇಳಿಸಿ ದೀಪಗಳು ಉಳಿಯುತ್ತವೆಯೋ ನೋಡು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಿನ್ನ ಅಕ್ಕ ಮನೆಯಿಂದ ಪರೀಕ್ಷೆ ಬರೆದ ಸಲ, ಜುಲೈ ತಿಂಗಳ ಮಳೆ. ಒಂದು ಗಂಟೆ ಕಳೆದಿರಬೇಕು, ಕರೆಂಟು ಹೋಯಿತು. ಒಳಗೆ ಮಗು ಕತ್ತಲಲ್ಲಿ ಕೂತಿದೆ ಅನ್ನಿಸಿದ್ದೇ ನಾನು ಟಾರ್ಚು ಹಿಡಿದು ಬಾಗಿಲು ತಳ್ಳಿದೆ. ಅವಳು ತಿರುಗಿ ನೋಡಲಿಲ್ಲ. ಎರಡೂ ಕೈ ಮೇಜಿನ ಮೇಲೆ ಹಾಗೇ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಪರದೆಯ ಬೆಳಕು ಅವಳ ಮುಖದ ಮೇಲಿತ್ತು. ಲ್ಯಾಪ್‌ಟಾಪಿನಿಂದ ಒಂದು ಹೆಣ್ಣು ದನಿ, ಕೋಣೆಯಲ್ಲಿ ಇನ್ನೊಬ್ಬರು ಇದ್ದಾರೆ ಅಂತ ಇಂಗ್ಲಿಷಿನಲ್ಲಿ ಎರಡು ಸಲ ಹೇಳಿತು. ಪರೀಕ್ಷೆ ಅಲ್ಲಿಗೇ ನಿಂತಿತು. ಕಟ್ಟಿದ ದುಡ್ಡು ಹೋಯಿತು, ಆ ವರ್ಷದ ಅರ್ಜಿಯ ಗಡುವೂ ದಾಟಿತು. ಅವಳು ಇವತ್ತಿನವರೆಗೆ ಒಂದು ಮಾತು ಆಡಿಲ್ಲ. ಮೂವತ್ತು ವರ್ಷ ಬೇರೆ ಮಕ್ಕಳ ಬಾಗಿಲು ಕಾಯ್ದವನು ಸ್ವಂತ ಮಗಳ ಬಾಗಿಲು ಕಾಯಲಿಲ್ಲವಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಆದ್ದರಿಂದ ಮನೆಮಂದಿಯನ್ನು ಮೇಜಿಗಿಂತ ಮೊದಲು ಸಿದ್ಧಮಾಡು. ಅಜ್ಜಿಗೆ ‘ಗಲಾಟೆ ಮಾಡಬೇಡಿ’ ಅಂದರೆ ಸಾಲದು. ‘ಏನೇ ಆಗಲಿ, ನಾನು ಕೂಗಿದರೂ ಬಾಗಿಲು ತೆಗೆಯಬೇಡಿ’ ಅಂತ ಬಿಡಿಸಿ ಹೇಳು. ಕಾಲಿಂಗ್ ಬೆಲ್‌ನ ವೈರು ತೆಗೆಸು. ಈ ಪರೀಕ್ಷೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಸಮಯ ಸಿಗುತ್ತದೆ. ಬೆಳಗಿನ ಐದು ಗಂಟೆಯದನ್ನು ಆರಿಸಿಕೋ. ಈಗ ಪರೀಕ್ಷೆ 1 ಗಂಟೆ 58 ನಿಮಿಷ ಅಷ್ಟೆ, ನಡುವೆ ಬಿಡುವಿಲ್ಲ. ತಪಾಸಣೆ ಸೇರಿದರೂ ಕುಕ್ಕರ್ ಕೂಗುವ ಮೊದಲೇ ಮುಗಿದಿರುತ್ತದೆ.

ಹೆಸರು ಇನ್ನೊಮ್ಮೆ ನೋಡಿಕೋ. ನಮ್ಮ ಕಡೆ ಇನಿಷಿಯಲ್ ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಬಿಡಿಸಿ ಬರೆದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ನೋಂದಣಿಯಲ್ಲೂ ಇರಲಿ. ಅಪ್ಪನ ಆಫೀಸಿನ ಲ್ಯಾಪ್‌ಟಾಪ್ ಮುಟ್ಟಬೇಡ, ಅದರ ಬೀಗಗಳು ಪರೀಕ್ಷೆಯ ಬ್ರೌಸರ್‌ಗೆ ದಾರಿ ಕೊಡುವುದಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಪರೀಕ್ಷೆಯ ಹಿಂದಿನ ವಾರ ಇಟಿಎಸ್‌ನ ಪುಟ ಮತ್ತೊಮ್ಮೆ ಓದು.

ಒಂದು ಭಾನುವಾರ ಮೊಬೈಲನ್ನು ಎದುರಿಗಿಟ್ಟು, ರೆಕಾರ್ಡ್ ಹಾಕಿ, ಎರಡು ಗಂಟೆ ಮಾದರಿ ಪರೀಕ್ಷೆ ಬರೆ. ಆಮೇಲೆ ನೀನೇ ಮೇಲ್ವಿಚಾರಕಿಯಾಗಿ ಅದನ್ನು ನೋಡು. ಲೆಕ್ಕ ಮಾಡುವಾಗ ಮಗ್ಗಿಯನ್ನು ತುಟಿಯಲ್ಲೇ ಹೇಳಿಕೊಳ್ಳುತ್ತೀಯ, ಚಿಕ್ಕಂದಿನಿಂದ ನೋಡಿದ್ದೇನೆ. ಯೋಚನೆ ಬಂದರೆ ಎಡಗಡೆಯ ಮೂಲೆಗೆ ಕಣ್ಣು ಹೋಗುತ್ತದೆ. ನಿನ್ನನ್ನು ಅರಿಯದವರಿಗೆ ಅದು ಯಾರ ಜೊತೆಗೋ ಮಾತಾಡಿದ ಹಾಗೆ, ಏನನ್ನೋ ನೋಡಿದ ಹಾಗೆ ಕಾಣುತ್ತದೆ. ಯೋಚಿಸುವಾಗ ಬೋರ್ಡಿನ ಮೇಲೆ ಕಣ್ಣಿಡುವುದನ್ನು ರೂಢಿಮಾಡಿಕೋ. ಸಂಪರ್ಕ ಕಡಿದರೆ ಏಳಬೇಡ, ಕೂಗಬೇಡ. ಕೂತಲ್ಲೇ ಮತ್ತೆ ಸೇರಿಕೊಂಡು, ಆದದ್ದನ್ನು ಪ್ರಾಕ್ಟರ್‌ಗೆ ಚಾಟ್‌ನಲ್ಲಿ ಇದ್ದ ಹಾಗೆ ಬರೆ.

ನಾನು ಹಿಂದಿನ ದಿನದ ಸಂಜೆ ಬಸ್ಸಿಗೆ ಬರುತ್ತೇನೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನಿನ್ನ ಬಾಗಿಲಿನ ಹೊರಗೆ, ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಕೂತಿರುತ್ತೇನೆ. ಹಾಲಿನವನು ಬಂದರೆ ಅಂಗಳದಲ್ಲೇ ನಿಲ್ಲಿಸುತ್ತೇನೆ. ಕರೆಂಟು ಹೋದರೂ ಒಳಗೆ ಬರುವುದಿಲ್ಲ.

ನಿನ್ನ ದೊಡ್ಡಪ್ಪ