ವಚನಗಳ ಜೋಡಣೆಯೂ ವಾದದ ಕ್ರಮವೂ

ವಚನಗಳನ್ನು ಕಂಠಪಾಠ ಮಾಡಿದವರು ನಮ್ಮಲ್ಲಿ ಹಲವರುಂಟು. ಯಾವ ವಚನದ ಅನಂತರ ಯಾವುದನ್ನಿರಿಸಬೇಕೆಂದು ವಿಚಾರಿಸಿದವರು ವಿರಳ. ಪ್ರಬಂಧಕಾರನ ಅರ್ಧ ವಾದವು ಈ ಜೋಡಣೆಯಲ್ಲಿಯೇ ಅಡಗಿರುವುದು. ಇದಕ್ಕೆ ಶೂನ್ಯಸಂಪಾದನೆಯೇ ನಿದರ್ಶನ.

ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಸಂವಾದರೂಪವಾಗಿ ಜೋಡಿಸಿ, ನಡುನಡುವೆ ಗದ್ಯದ ಕೊಂಡಿಗಳನ್ನಿಟ್ಟರು. ಅಕ್ಕಮಹಾದೇವಿಯವರು ತಮಗೆ ತಾವೇ ನುಡಿದಂತೆ ತೋರುವ ವಚನವು ಅಲ್ಲಮಪ್ರಭುಗಳ ಪ್ರಶ್ನೆಯ ಕೆಳಗೆ ಬಂದೊಡನೆ ಉತ್ತರವಾಗುವುದು. ಅದೇ ವಚನವು ಷಟ್‌ಸ್ಥಲಾನುಸಾರವಾದ ಸಂಕಲನದಲ್ಲಿ ಸಾಧನೆಯ ಒಂದು ಮೆಟ್ಟಿಲು. 1993ರಲ್ಲಿ ಕರ್ನಾಟಕ ಸರ್ಕಾರವು ಹೊರತಂದ ಸಮಗ್ರ ವಚನ ಸಂಪುಟಗಳಲ್ಲಿ, ವಚನಕಾರರ ಹೆಸರಿನಡಿ, ಅಕ್ಕನವರ ಮನೋಧರ್ಮಕ್ಕೆ ಸಾಕ್ಷಿ. ಅಕ್ಷರವೊಂದೂ ಬದಲಾಗಿಲ್ಲ, ಅದು ಮಾಡುವ ಕೆಲಸ ಬದಲಾಗಿದೆ.

ಇದು ಬರಿಯ ಅಲಂಕಾರದ ಮಾತೆಂದು ವಾಚಕರು ತಿಳಿಯಬಾರದು. ಮಹಾದೇವಯ್ಯನವರ ಸಂಕಲನದಲ್ಲಿಲ್ಲದ ಸಿದ್ಧರಾಮೇಶ್ವರರ ದೀಕ್ಷಾಪ್ರಸಂಗವು ಅನಂತರದ ಪರಿಷ್ಕರಣಗಳಲ್ಲಿ ಸೇರಿತು. ಇಷ್ಟಲಿಂಗದೀಕ್ಷೆಯಿಲ್ಲದೆ ಅಂತಹ ಯೋಗಿಗೆ ಸಿದ್ಧಿ ಪೂರ್ಣವಾಯಿತೇ ಎಂಬುದು ಅಲ್ಲಿಯ ವಿವಾದ. ಪ್ರಸಂಗವನ್ನು ಬಿಟ್ಟರೆ ಒಂದು ಸಿದ್ಧಾಂತ, ಸೇರಿಸಿದರೆ ಇನ್ನೊಂದು! ಆದುದರಿಂದ ಯಾವ ಸಂಕಲನವನ್ನು ಓದುತ್ತಿರುವೆವೆಂಬುದನ್ನು ಮೊದಲು ನೋಡಿಕೊಳ್ಳತಕ್ಕದ್ದು.

ಶಾಸ್ತ್ರಕಾರರು ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿಗಳೆಂದು ಐದು ಅಂಗಗಳನ್ನು ಹೇಳಿರುವರು. ಸಂಗತಿಯೆಂದರೆ ಹಿಂದುಮುಂದಿನ ಸಂಬಂಧ. ಬಾಶೆಟ್ಟಿಹಳ್ಳಿಯಿಂದ ದೊಡ್ಡಬಳ್ಳಾಪುರದ ಕಾಲೇಜಿಗೆ ಹೋಗುವ ಮಕ್ಕಳು ತಮ್ಮ ಪ್ರಬಂಧಗಳನ್ನು ತಂದು ತೋರಿಸುವುದುಂಟು. "ಬಸವಣ್ಣನವರು ಹೀಗೆನ್ನುವರು, ಅಕ್ಕನವರು ಹೀಗೆನ್ನುವರು" ಎಂದು ತಾವು ಓದಿದ ಸರಣಿಯಲ್ಲಿಯೇ ಬರೆದಿರುತ್ತಾರೆ. ವಿಷಯವಿದೆ, ಸಂಶಯವೇ ಇಲ್ಲ. ಸಂಶಯವಿಲ್ಲದೆಡೆ ಸಿದ್ಧಾಂತವು ಯಾರಿಗೆ ಬೇಕು?

ಕಾಯಕವೆಂಬ ವಿಷಯವನ್ನೇ ತೆಗೆದುಕೊಳ್ಳೋಣ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರಲು ಹೇಳಿದರು. ಈ ಪ್ರಸಂಗವನ್ನು ಪ್ರಬಂಧದ ಆದಿಯಲ್ಲಿಟ್ಟರೆ ಅದೊಂದು ಸೊಗಸಾದ ಕಥೆ, ಅಷ್ಟೇ. ಮೊದಲು ಕಾಯಕದಿಂದ ಬಂದುದು ಶುದ್ಧವೆಂದು ಸ್ಥಾಪಿಸಿ, "ಶುದ್ಧವಾದುದು ಹೆಚ್ಚಾದರೆ ದೋಷವೇನು?" ಎಂಬ ಪೂರ್ವಪಕ್ಷವನ್ನು ಬಲವಾಗಿಯೇ ಎತ್ತಿ, ಅನಂತರ ಲಕ್ಕಮ್ಮನವರನ್ನು ಕರೆತಂದರೆ, ಆ ತಾಯಿಯ ಮಾತು ನಿರ್ಣಯವಾಗಿ ನಿಲ್ಲುವುದು. ಪ್ರತಿಯೊಂದು ವಚನವನ್ನೂ ಬೇರೆಬೇರೆ ಚೀಟಿಯಲ್ಲಿ ಬರೆದು, ಅದು ಯಾವ ಪ್ರಶ್ನೆಗೆ ಉತ್ತರವೆಂದು ಕೆಳಗೆ ಗುರುತಿಸಿ, ಬಳಿಕ ಚೀಟಿಗಳನ್ನು ಸಾಲಾಗಿರಿಸಿ ನೋಡಿರೆಂದು ನಾನು ಮಕ್ಕಳಿಗೆ ಹೇಳುತ್ತೇನೆ. ಯಾವ ಪ್ರಶ್ನೆಗೂ ಒದಗದ ಚೀಟಿಯನ್ನು, ಎಷ್ಟೇ ಪ್ರಿಯವಾಗಿದ್ದರೂ, ಪಕ್ಕಕ್ಕಿಡಬೇಕು. ಅದಕ್ಕೆ ಅವರು ಸುಲಭವಾಗಿ ಒಪ್ಪುವುದಿಲ್ಲ.