ಅಗಲಿದ ಗೆಳೆಯನ ಹಕ್ಕು

ದೊಡ್ಡಬಳ್ಳಾಪುರದ ಮಗ್ಗದ ಮನೆಯೊಂದರಿಂದ ಬರಿಗಾಲಲ್ಲಿ ಬಂದು, ಓಟದಲ್ಲಿ ನಮ್ಮ ಶಾಲೆಗೆ ಬಹುಮಾನ ತಂದ ಸಹಪಾಠಿ ಇಂದಿಲ್ಲ. ಜನಾಝಾದ ದಿನ ಎಲ್ಲರೂ ಅವನ ಓಟವನ್ನು ಕೊಂಡಾಡಿದೆವು. ಆ ಬಳಿಕ ಅವನ ತಾಯಿಯನ್ನು ಕಂಡು ಬಂದವರೆಷ್ಟು? ನಾನೂ ಹೋಗಲಿಲ್ಲ.

ಹಝ್ರತ್ ಖದೀಜಾ(ರ) ಹಿಜ್‌ರಾಕ್ಕೆ ಸುಮಾರು 3 ವರ್ಷ ಮೊದಲೇ ನಿಧನರಾದರು. ಪ್ರವಾದಿವರ್ಯರು(ಸ) ಅವರನ್ನು ಮರೆಯಲಿಲ್ಲ. ಆಡು ಕೊಯ್ದಾಗ ಮಾಂಸವನ್ನು ಖದೀಜಾರ(ರ) ಗೆಳತಿಯರಿಗೆ ಕಳುಹಿಸುತ್ತಿದ್ದರೆಂದು ಬುಖಾರಿಯ ಹದೀಸ್‌ನಲ್ಲಿದೆ.

ಸ್ಮರಣೆಯೆಂದರೆ ಇದು. ಅಗಲಿದವನ ಸಾಲವಿದ್ದರೆ ತೀರಿಸಲು ನೆರವಾಗೋಣ. ನಮಗೇ ಬರಬೇಕಾದುದಿದ್ದರೆ ಬಿಟ್ಟುಕೊಡೋಣ. ಅವನ ಪಾಪಗಳ ಕ್ಷಮೆಗಾಗಿ ಪ್ರಾರ್ಥಿಸೋಣ. ಓದುಗರೇ, ನಿಮಗೂ ಇಂತಹ ಗೆಳೆಯನೊಬ್ಬನಿದ್ದರೆ, ಬರುವ ಶುಕ್ರವಾರ ಜುಮಾ ಮುಗಿಸಿ ಅವನ ಮನೆಗೆ ಹೋಗಿರಿ. ನಾನೂ ಹೊರಟಿದ್ದೇನೆ.